ಮೊದಲು ಚೀಲ ಬಿಚ್ಚಿ, ಉಳಿ ತೋರಿಸಿ

ನಮ್ಮದು ಪೀಣ್ಯದಲ್ಲಿ ಮರದ ಫರ್ನಿಚರ್ ಮಾಡುವ ವರ್ಕ್‌ಶಾಪ್. ಹೊಸ ಬಡಗಿಗಳನ್ನು ಕೆಲಸಕ್ಕೆ ತೆಗೆದುಕೊಳ್ಳುವುದು ನನ್ನ ಪಾಲಿಗೆ ಬಂದಿರುವ ಕೆಲಸ. ಎಷ್ಟು ವರ್ಷ ಕೆಲಸ ಮಾಡಿದ್ದೀರಿ, ಎಲ್ಲೆಲ್ಲಿ ಮಾಡಿದ್ದೀರಿ ಅಂತ ಕೇಳುವುದನ್ನು ಈಗ ಕಡಿಮೆ ಮಾಡಿದ್ದೇನೆ. "ಆಚಾರ್ರೇ, ಮೊದಲು ಚೀಲ ಬಿಚ್ಚಿ, ಉಳಿ ತೋರಿಸಿ" ಅನ್ನುತ್ತೇನೆ. ಈ ಅಭ್ಯಾಸ ಶುರುವಾಗಿದ್ದು ಜಪಾನಿನ ಕೋಬೆಯಲ್ಲಿರುವ ಒಂದು ಮ್ಯೂಸಿಯಂ ನೋಡಿದ ಮೇಲೆ. ಒಸಾಕಾಗೆ ಮೆಷಿನ್ ನೋಡಲು ಹೋಗಿದ್ದೆ, ಮಧ್ಯೆ ಒಂದು ದಿನ ಬಿಡುವು ಸಿಕ್ಕಿತ್ತು.

ತಾಕೆನಾಕಾ ಬಡಗಿ ಉಪಕರಣಗಳ ಮ್ಯೂಸಿಯಂ ಅಂತ ಅದರ ಹೆಸರು. ಶುರುವಾಗಿದ್ದು 1984ರಲ್ಲಿ, ಈಗಿನ ಜಾಗಕ್ಕೆ ಬಂದಿದ್ದು 2014ರಲ್ಲಿ. ನಡೆಸುವವರು ತಾಕೆನಾಕಾ ಅನ್ನುವ ಕಟ್ಟಡ ಕಂಪನಿ. 1610ರಲ್ಲಿ ದೇವಸ್ಥಾನ ಕಟ್ಟುವ ಬಡಗಿಯೊಬ್ಬರಿಂದ ಶುರುವಾದ ಮನೆತನ ಅದು. ಹೊರಗಿನಿಂದ ನೋಡಿದರೆ ತಗ್ಗಾದ ಹೆಂಚಿನ ಕಟ್ಟಡ, ಅಷ್ಟೇನಾ ಅನ್ನಿಸುತ್ತದೆ. ನೋಡಬೇಕಾದ್ದೆಲ್ಲ ನೆಲದ ಕೆಳಗಿದೆ. ನಾರಾ ಊರಿನ ತೋಶೋದಾಯ್‌ಜಿ ದೇವಾಲಯದ ಕಂಬ, ಅದರ ಮೇಲಿನ ಬೋದಿಗೆ, ತೊಲೆಗಳು ಎಲ್ಲವನ್ನೂ ಮೂಲದ ಅಳತೆಯಲ್ಲೇ ಮಾಡಿ ನಿಲ್ಲಿಸಿದ್ದಾರೆ. ಎಲ್ಲರೂ ಫೋಟೋ ತೆಗೆಸಿಕೊಳ್ಳುವುದು ಅಲ್ಲೇ. ನಾನೂ ತೆಗೆಸಿಕೊಂಡೆ, ಸುಳ್ಳು ಯಾಕೆ.

ಆದರೆ ನಾನು ಜಾಸ್ತಿ ಹೊತ್ತು ನಿಂತಿದ್ದು ಒಂದು ಗೋಡೆಯ ಮುಂದೆ. 1943ರಲ್ಲಿ ಟೋಕಿಯೋದಲ್ಲಿ ಒಂದು ಸರ್ವೆ ಮಾಡಿದ್ದರಂತೆ: ಒಬ್ಬ ಬಡಗಿ ಚೆನ್ನಾಗಿ ಮನೆ ಕಟ್ಟಬೇಕಾದರೆ ಏನೇನು ಉಪಕರಣ ಬೇಕು ಅಂತ. ಲೆಕ್ಕಕ್ಕೆ ಬಂದಿದ್ದು 179. ಅದರಲ್ಲಿ ಉಳಿಗಳೇ 49, ಮರ ನುಣುಪು ಮಾಡುವ ತೋಪಡ 40. ಅಷ್ಟನ್ನೂ ಸಾಲಾಗಿ ಇಟ್ಟಿದ್ದಾರೆ. ಇದು ಒಂದು ವರ್ಕ್‌ಶಾಪಿನ ಲೆಕ್ಕ ಅಲ್ಲ, ಒಬ್ಬನೇ ಮನುಷ್ಯನ ಲೆಕ್ಕ. ನಮ್ಮ ಸ್ಟೋರ್‌ರೂಮಿನಲ್ಲಿ ಇಡೀ ತಂಡಕ್ಕೆ ಸೇರಿಸಿದರೂ ಅಷ್ಟು ಉಳಿ ಇಲ್ಲ.

ಅಲ್ಲಿ ಓದಿದ ಇನ್ನೊಂದು ಮಾತು ತಲೆಯಲ್ಲೇ ಕೂತುಬಿಟ್ಟಿತು. ಈ ಮ್ಯೂಸಿಯಂ ಯಾಕೆ ಬೇಕಾಯಿತು ಅನ್ನುವುದಕ್ಕೆ ಅವರೇ ಕೊಡುವ ಕಾರಣ ಇದು: ಉಪಕರಣ ಒಳ್ಳೆಯದಿದ್ದಷ್ಟೂ ಅದನ್ನು ಪೂರ್ತಿ ಸವೆಯುವವರೆಗೂ ಬಳಸುತ್ತಾರೆ, ಹಾಗಾಗಿ ಒಳ್ಳೆಯವೇ ಮುಂದಿನ ಕಾಲಕ್ಕೆ ಸಿಗುವುದಿಲ್ಲ. ಯೋಚನೆ ಮಾಡಿದರೆ ಹೌದಲ್ವಾ? ಯಾವ ಮ್ಯೂಸಿಯಂನಲ್ಲೇ ಆಗಲಿ, ಫಳಫಳ ಹೊಳೆಯುವ ಹಳೇ ಉಳಿ ಕಂಡರೆ ಅದನ್ನು ಯಾರೋ ಅಷ್ಟಾಗಿ ಮುಟ್ಟಿಲ್ಲ ಅಂತ ಅರ್ಥ. ಚಿಯೋಜುರು ಕೊರೆಹಿದೆ ಅಂತ ಟೋಕಿಯೋದಲ್ಲಿ ಹೆಸರಾಂತ ಕಮ್ಮಾರ ಇದ್ದರು, ತೀರಿಕೊಂಡಿದ್ದು 1957ರಲ್ಲಿ. ಅವರು ಬಡಿದ ತೋಪಡದ ಅಲಗುಗಳನ್ನು ಜನ ಇವತ್ತು ಒಡವೆ ಥರ ಎತ್ತಿಡುತ್ತಾರೆ. ನೋಡಲು ಖುಷಿ, ನಿಜ. ಆದರೆ ಮರ ಕೆತ್ತಬೇಕಾದ ಅಲಗು ಗಾಜಿನೊಳಗೆ ಕೂತಿದೆಯಲ್ಲ ಅಂತ ಸ್ವಲ್ಪ ಬೇಜಾರೂ ಆಗುತ್ತದೆ.

ಸವೆತ ಹೇಗೆ ಆಗುತ್ತದೆ ಅನ್ನುವುದನ್ನು ಹತ್ತಿರದಿಂದ ನೋಡಬೇಕು. ಜಪಾನಿನ ಅಲಗಿನಲ್ಲಿ ಎರಡು ಪದರ. ಮೆತ್ತನೆಯ ಕಬ್ಬಿಣದ ಮೈ, ಅದಕ್ಕೆ ಬೆಸೆದ ತೆಳುವಾದ ಗಡಸು ಉಕ್ಕು. ಹಿಂಬದಿಯಲ್ಲಿ, ಅಂದರೆ ಉಕ್ಕಿನ ಕಡೆ, ನಡುವೆ ತುಸು ತಗ್ಗು ಮಾಡಿರುತ್ತಾರೆ. ಸಾಣೆಕಲ್ಲಿನ ಮೇಲೆ ಇಟ್ಟಾಗ ಸುತ್ತಲಿನ ಅಂಚು ಮಾತ್ರ ತಾಕುತ್ತದೆ, ಬೇಗ ಮಟ್ಟ ಬರುತ್ತದೆ. ಮಸೆದು ಮಸೆದು ಅಲಗು ಗಿಡ್ಡವಾದಂತೆ ಬಾಯಿ, ಅಂದರೆ ಮರ ಕತ್ತರಿಸುವ ಹರಿತವಾದ ತುದಿ, ಆ ತಗ್ಗಿನ ಹತ್ತಿರ ಬರುತ್ತದೆ. ಆಗ ತೋಪಡದ ಅಲಗನ್ನು ತಿರುಗಿಸಿ, ಮೆತ್ತನೆ ಕಬ್ಬಿಣದ ಮೇಲೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾರೆ. ಹಿಂದಿನ ಉಕ್ಕು ಕೂದಲೆಳೆಯಷ್ಟು ಉಬ್ಬುತ್ತದೆ. ಅದನ್ನು ಮತ್ತೆ ಸಮ ಮಾಡಿದರೆ ಅಲಗಿಗೆ ಇನ್ನಷ್ಟು ದಿನ ಆಯಸ್ಸು. ಏಟು ತಪ್ಪಿ ಗಡಸು ಉಕ್ಕಿಗೆ ಬಿದ್ದರೆ ಬಿರುಕು ಬಿಟ್ಟು ಅಲಗೇ ಹಾಳು. ಅಂದರೆ ಅಲಗಿನ ಮೇಲಿರುವ ಸುತ್ತಿಗೆ ಗುರುತು ಒರಟುತನದ್ದಲ್ಲ, ಜೋಪಾನದ್ದು.

ವಾಪಸ್ ಬಂದ ಮೇಲೆ ನಮ್ಮವರ ಚೀಲಗಳನ್ನು ಇದೇ ಕಣ್ಣಲ್ಲಿ ನೋಡತೊಡಗಿದೆ. ನಮ್ಮ ಉಳಿಗಳಲ್ಲಿ ಆ ಪದರ, ಆ ತಗ್ಗು ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಸವೆತ ಸುಳ್ಳು ಹೇಳುವುದಿಲ್ಲ. ಮೊದಲು ನೋಡುವುದು ಉದ್ದ. ಹಿಡಿಯ ಹತ್ತಿರಕ್ಕೆ ಬಂದಿರುವ ಗಿಡ್ಡ ಉಳಿ ಇದ್ದರೆ ಆ ಮನುಷ್ಯ ಕೂತು ಮಸೆದಿದ್ದಾನೆ. ಆದರೆ ಗಿಡ್ಡ ಇದ್ದ ಮಾತ್ರಕ್ಕೆ ಆಗಲಿಲ್ಲ. ಗ್ರೈಂಡರ್‌ಗೆ ಒತ್ತಿ ಒತ್ತಿಯೂ ಗಿಡ್ಡ ಮಾಡಬಹುದು. ಹಾಗೆ ಮಾಡಿದ್ದರೆ ಬಾಯಿಯ ಹತ್ತಿರ ನೀಲಿ ಬಣ್ಣ ಹತ್ತಿರುತ್ತದೆ. ಬಿಸಿಗೆ ಉಕ್ಕಿನ ಗಡಸು ಹೋಗಿದೆ ಅಂತ ಅರ್ಥ. ಅಂಥ ಉಳಿ ತೇಗದಲ್ಲಿ ಒಂದು ತೂತು ಕೊರೆಯುವಷ್ಟರಲ್ಲಿ ಮೊಂಡಾಗುತ್ತದೆ. ಆಮೇಲೆ ಉಳಿಯ ಬೆನ್ನು ನೋಡುತ್ತೇನೆ. ತುದಿಯ ಒಂದು ಇಂಚಾದರೂ ಕನ್ನಡಿಯ ಹಾಗಿದ್ದರೆ ಕಲ್ಲಿನ ಅಭ್ಯಾಸ ಇದೆ. ಅಲ್ಲಿ ತುಕ್ಕು ಕೂತಿದ್ದರೆ ಮೇಲೆ ಎಷ್ಟು ಮಸೆದರೂ ಉಪಯೋಗವಿಲ್ಲ.

ಒಮ್ಮೆ ಹಾಸನದ ಕಡೆಯ ಹಿರಿಯ ಆಚಾರ್ರೊಬ್ಬರು ಬಂದಿದ್ದರು. ಚೀಲದಿಂದ ತೆಗೆದ ಅರ್ಧ ಇಂಚು ಅಗಲದ ಉಳಿಯಲ್ಲಿ ಅಲಗು ಹೆಬ್ಬೆರಳಿನಷ್ಟೂ ಉಳಿದಿರಲಿಲ್ಲ. "ಇದು ನಮ್ಮಪ್ಪಂದು ಸಾರ್. ಬಾಗಿಲು ಕೆಲಸಕ್ಕೆ ಆಗಲ್ಲ, ಬೀಗದ ಮನೆ ಕೊರೆಯೋಕೆ ಇದೇ ಬೇಕು" ಅಂದರು. ಗಿಡ್ಡ ಆಗಿರೋದರಿಂದ ಕೈ ಮರಕ್ಕೆ ಹತ್ತಿರ ಇರುತ್ತದೆ, ಅದುರೋದಿಲ್ಲ ಅಂತ ಅವರ ಲೆಕ್ಕ. ಟ್ರಯಲ್ ಕೆಲಸ ಕೊಡದೇ ಸೇರಿಸಿಕೊಂಡೆವು.

ಈಗಿನ ಹುಡುಗರಿಗೆ ಈ ಪರೀಕ್ಷೆ ಪೂರ್ತಿ ಹೊಂದುವುದಿಲ್ಲ, ಅದೂ ನಿಜ. ಪ್ಲೈವುಡ್ ಮೇಲೆ ಕೆಲಸ ಕಲಿತವರು ಅವರು. ತಿರುಗುವ ಬಿಟ್‌ನಿಂದ ಮರ ಕೊರೆಯುವ ರೌಟರ್ ಮೆಷಿನ್, ಸರ್ಕ್ಯುಲರ್ ಸಾ ಚೆನ್ನಾಗಿ ಓಡಿಸುತ್ತಾರೆ. ಪ್ಲಾಸ್ಟಿಕ್ ಹಿಡಿಯ ಉಳಿ ಮೊಂಡಾದರೆ ಹೊಸದು ತರುತ್ತಾರೆ. ಪ್ಲೈವುಡ್‌ನ ಅಂಟು ಅಲಗಿನ ಬಾಯಿಯನ್ನು ಹೇಗೂ ತಿಂದುಹಾಕುತ್ತದೆ, ಅಪ್ಪನ ಕಾಲದ ಉಳಿ ಅದಕ್ಕೆ ಹಾಕು ಅನ್ನುವುದು ಸರಿಯಲ್ಲ. ಅವರ ಹತ್ತಿರ ನಾನು ರೌಟರ್ ಬಿಟ್‌ಗಳ ಡಬ್ಬಿ ಕೇಳುತ್ತೇನೆ. ಬಿಟ್‌ಗೆ ಅಂಟಿದ ರಾಳ ಒರೆಸಿದ್ದಾರಾ, ಒಂದಕ್ಕೊಂದು ತಾಗದಂತೆ ಇಟ್ಟಿದ್ದಾರಾ ಅಂತ ನೋಡಿದರೆ ಸಾಕು.

ವರ್ಕ್‌ಶಾಪಿನಲ್ಲಿ ಬದಲಾಗಿದ್ದು ಇನ್ನೊಂದಿದೆ. ಮೊದಲು ಉಳಿಗಳು ಸ್ಟೋರ್‌ನಲ್ಲಿ ಎಲ್ಲರಿಗೂ ಸೇರಿದ್ದವು. ಸಂಜೆ ವಾಪಸ್ ಬರುವಾಗ ಬಾಯಿ ಮುರಿದಿದ್ದರೂ ಯಾರೂ ತಮ್ಮದು ಅನ್ನುತ್ತಿರಲಿಲ್ಲ. ಈಗ ಒಬ್ಬೊಬ್ಬರಿಗೂ ಒಂದು ಸೆಟ್, ಹಿಡಿಯ ಮೇಲೆ ಅವರದೇ ಗುರುತು. ಬೆಳಿಗ್ಗೆ ಮಸೆಯುವ ಹೊತ್ತು ಸಂಬಳದ ಹೊತ್ತಿನಲ್ಲೇ ಸೇರಿದೆ. ಮಾಲೀಕರಿಗೆ ಇದನ್ನು ಒಪ್ಪಿಸಲು ಸ್ವಲ್ಪ ಹೆಣಗಬೇಕಾಯಿತು. ಅಲಗು ಹರಿತವಾಗಿದ್ದರೆ ಆಮೇಲೆ ಉಜ್ಜುವ ಕೆಲಸ ಕಡಿಮೆ; ಸ್ಯಾಂಡ್‌ಪೇಪರ್ ಬಿಲ್ಲು ಇಳಿದ ಮೇಲೆ ಸುಮ್ಮನಾದರು.

ಮರದ ಕೆಲಸದವರು ಯಾರಾದರೂ ಆ ಕಡೆ ಹೋದರೆ ಮ್ಯೂಸಿಯಂ ಇರುವುದು ಬುಲೆಟ್ ಟ್ರೈನ್ ನಿಲ್ಲುವ ಶಿನ್-ಕೋಬೆ ಸ್ಟೇಷನ್ ಪಕ್ಕದಲ್ಲೇ, ನಡೆದೇ ಹೋಗಬಹುದು. ಸೋಮವಾರ ರಜೆ.