ಡೋವರ್‌ನಲ್ಲಿ ಕೇಳದ ಸದ್ದು

ಲಂಡನ್ನಿನ ಸೇಂಟ್ ಪ್ಯಾಂಕ್ರಸ್‌ನಿಂದ ಡೋವರ್‌ಗೆ ರೈಲಿನಲ್ಲಿ ಒಂದು ಗಂಟೆ ಚಿಲ್ಲರೆ. ನಾನು ಹೊರಟಿದ್ದು ಒಂದು ಸದ್ದು ಕೇಳಲು. "ಬೀಚ್ ನೋಡೋಕಲ್ವಾ?" ಅಂದಳು ಅಕ್ಕ.

ಬಿ.ಎ.ಯಲ್ಲಿ ನಮಗೆ ಇಂಗ್ಲಿಷ್ ಕವಿ ಮ್ಯಾಥ್ಯೂ ಅರ್ನಾಲ್ಡನ 'ಡೋವರ್ ಬೀಚ್' ಪದ್ಯ ಪಾಠಕ್ಕಿತ್ತು. 1851ರ ಜೂನ್‌ನಲ್ಲಿ ಮದುವೆಯಾಗಿ, ಹೆಂಡತಿಯ ಜೊತೆ ಇಲ್ಲಿಗೆ ಬಂದಾಗ ಅವನಿಗೆ 28 ವರ್ಷ. ಪದ್ಯ ಬಹುಶಃ ಆಗಲೇ ಹುಟ್ಟಿದ್ದು. ಅಚ್ಚಾಗಿದ್ದು 1867ರಲ್ಲಿ. ಅಲೆ ದಡದ ಉರುಟು ಕಲ್ಲುಗಳನ್ನು ಎಳೆದುಕೊಂಡು ಹೋಗುತ್ತದೆ, ಮತ್ತೆ ತಂದು ಎಸೆಯುತ್ತದೆ. ಆ ಸದ್ದಿನಲ್ಲಿ ಅವನಿಗೆ ದೇವರ ಮೇಲಿನ ನಂಬಿಕೆ ದಡ ಬಿಟ್ಟು ಸರಿಯುವುದು ಕೇಳಿಸುತ್ತದೆ. ಅವನ ಪಾಲಿಗೆ ನಂಬಿಕೆಯೂ ಒಂದು ಕಡಲು, ಒಂದು ಕಾಲಕ್ಕೆ ಭೂಮಿಗೆ ಡಾಬಿನ ಹಾಗೆ ಸುತ್ತಿಕೊಂಡಿದ್ದು. ಹನಿಮೂನಿಗೆ ಬಂದವನಿಗೆ ಇದೆಲ್ಲ ಬೇಕಿತ್ತಾ ಅಂತ ಕ್ಲಾಸಿನಲ್ಲಿ ನಕ್ಕಿದ್ದೆವು. ಸದ್ದು ಮಾತ್ರ ತಲೆಗೆ ಹತ್ತಿರಲಿಲ್ಲ. ನಾನು ಕಂಡಿದ್ದು ಮಲ್ಪೆಯ ಮರಳು. ಅಲ್ಲಿ ಅಲೆ ಬುಸ್ ಅಂತ ಇಂಗುತ್ತದೆ, ಅಷ್ಟೇ.

ಡೋವರ್‌ನಲ್ಲಿ ಕಲ್ಲುಗಳೇನೋ ಇದ್ದವು, ಸದ್ದಿರಲಿಲ್ಲ. ನೀರು ಕೆರೆಯ ಹಾಗೆ ಸುಮ್ನೆ ಬಿದ್ದಿತ್ತು. ಬಂದರಿಗೆ ಅಲೆ ತಡೆಯುವ ಗೋಡೆ ಕಟ್ಟಿ ಮುಗಿಸಿದ್ದು 1909ರಲ್ಲಿ. ಅರ್ನಾಲ್ಡ್ ಕೇಳಿದ ಅಲೆ ಈಗ ಆ ಗೋಡೆಯಾಚೆಗೇ ನಿಲ್ಲುತ್ತದೆ. "ಇದಕ್ಕಾ ಬಂದಿದ್ದು ನೀನು?"

ಬಿಡಲಿಲ್ಲ. ಬಿಳಿ ಗುಡ್ಡಗಳ ಮೇಲೆ ಸೇಂಟ್ ಮಾರ್ಗರೆಟ್ಸ್ ಬೇ ಕಡೆ ನಡೆದೆವು. ಗುಡ್ಡ ಪೂರ್ತಿ ಸೀಮೆಸುಣ್ಣ. ಶೂ ಎಲ್ಲ ಬೆಳ್ಳಗಾಯಿತು. ಕಣ್ಣಿಗೆ ಕಾಣದಷ್ಟು ಸಣ್ಣ ಕಡಲಜೀವಿಗಳ ಚಿಪ್ಪು ಕೋಟ್ಯಂತರ ವರ್ಷ ಪದರ ಪದರವಾಗಿ ಕೂತು ಆದ ಗುಡ್ಡ. ಬೈಬಲ್ ಹೇಳುವ ಹಾಗೆ ಆರು ದಿನದಲ್ಲಿ ಸೃಷ್ಟಿಯಾಯಿತು ಅಂತ ನಂಬಿದ್ದವರು ಇದನ್ನು ಹೇಗೆ ಅರಗಿಸಿಕೊಳ್ಳಬೇಕು? ಪದ್ಯ ಅಚ್ಚಾದ ಮರುವರ್ಷವೇ ಜೀವವಿಜ್ಞಾನಿ ಟಿ.ಎಚ್. ಹಕ್ಸ್‌ಲಿ ನಾರ್ವಿಚ್‌ನ ಕಾರ್ಮಿಕರ ಮುಂದೆ ಒಂದು ಸೀಮೆಸುಣ್ಣದ ಚೂರಿನ ಬಗ್ಗೆಯೇ ಭಾಷಣ ಮಾಡಿದ. ಅರ್ನಾಲ್ಡ್ ಕೊರಗಿದ್ದೂ ಇದೇ ಗುಡ್ಡದ ಬುಡದಲ್ಲಿ.

ದಡಕ್ಕಿಳಿದಾಗ ಕತ್ತಲಾಗುತ್ತಿತ್ತು. ಇಲ್ಲಿ ಗೋಡೆ ಇಲ್ಲ. ಅಲೆ ದಬ್ಬಂತ ಬಿತ್ತು. ಸದ್ದು ಬಂದಿದ್ದು ಆಮೇಲೆ. ನೀರು ಹಿಂದಕ್ಕೆ ಹೋಗುವಾಗ ಮೊರದಲ್ಲಿ ಹುರುಳಿ ಕೇರಿದ ಹಾಗೆ ಜರ್‍ರ್ ಅಂತ, ಉದ್ದಕ್ಕೆ. ಒಂದು ಗಳಿಗೆ ನಿಂತು, ಮತ್ತೆ. ಇಷ್ಟು ವರ್ಷ ನಾನು ಅಲೆ ಬರುವ ಕಡೆಗೇ ಕಿವಿ ಕೊಟ್ಟಿದ್ದೆ.

ಸುಮಾರು 33 ಕಿಲೋಮೀಟರ್ ಆಚೆ, ಫ್ರಾನ್ಸಿನ ದಡದಲ್ಲಿ, ಒಂದು ದೀಪ ಮಿನುಗಿ ಆರಿತು, ಪದ್ಯದಲ್ಲಿರುವ ಹಾಗೇ. ಅಷ್ಟರಲ್ಲಿ ಅಕ್ಕನ ಮೊಬೈಲ್ ಟಿಂಗ್ ಅಂದಿತು: ಫ್ರಾನ್ಸಿಗೆ ಸ್ವಾಗತ.

"ಅಯ್ಯೋ, ರೋಮಿಂಗ್!" ಅಂತ ಫೋನ್ ಆಫ್ ಮಾಡಿ ಕಲ್ಲುಗಳ ಮೇಲೇ ಕೂತಳು. "ತಡಿ ಕಣೇ, ಇನ್ನೊಂದು ಅಲೆ ಬರಲಿ."