ಬಾಗಿಲು ತೆಗೀದೇ ಇದ್ದಿದ್ದಕ್ಕೆ ಯಾರು ಹೊಣೆ?

ಡೈರೆಕ್ಟರ್ ಡಾರ್ಡೆನ್ ಅಣ್ತಮ್ಮಂದಿರ 2016ರ 'ದಿ ಅನ್‌ನೋನ್ ಗರ್ಲ್' ನೋಡ್ದೆ, ಬೆಲ್ಜಿಯಂ ಸಿನಿಮಾ, ಮಾತೆಲ್ಲ ಫ್ರೆಂಚು. ಜೆನ್ನಿ ಅಂತ ಡಾಕ್ಟರು, ಕ್ಲಿನಿಕ್ ಟೈಮ್ ಮುಗಿದ್ಮೇಲೆ ಯಾರೋ ಬೆಲ್ ಮಾಡ್ತಾರೆ, ಇಂಟರ್ನ್ ಹುಡುಗ ಏಳೋಕೆ ಹೋದ್ರೆ ಬೇಡ ಅಂತಾಳೆ, ಅದೂ ಅವನ ಮುಂದೆ ತನ್ನ ಮಾತೇ ನಡೀಬೇಕು ಅನ್ನೋ ಹಟಕ್ಕೆ (ಆಮೇಲೆ ಅವಳೇ ಒಪ್ಕೋತಾಳೆ). ಮಾರನೇ ದಿನ ನೋಡಿದ್ರೆ ಬೆಲ್ ಮಾಡಿದ್ದ ಹುಡುಗಿ ಹೆಣವಾಗಿ ಸಿಕ್ಕಿದಾಳೆ, ಹೆಸರೂ ಗೊತ್ತಿಲ್ಲ, ಆಫ್ರಿಕಾ ಮೂಲದವಳು.

ಬೆಲ್ಜಿಯಂನಲ್ಲಿ ಅಪಾಯದಲ್ಲಿರೋರಿಗೆ ಗೊತ್ತಿದ್ದೂ ಸಹಾಯ ಮಾಡ್ದಿದ್ರೆ ಅಪರಾಧ, ಆದ್ರೆ ಜೆನ್ನಿಗೆ ಗೊತ್ತೇ ಇರ್ಲಿಲ್ವಲ್ಲ, ಸೋ ಕಾನೂನು ಅವಳನ್ನ ಮುಟ್ಟಲ್ಲ. ಮನಸ್ಸು ಬಿಡ್ಬೇಕಲ್ಲ! ಒಳ್ಳೇ ಕೆಲ್ಸದ ಆಫರ್ ಬಿಟ್ಟು ಅದೇ ಪುಟ್ಟ ಕ್ಲಿನಿಕ್‌ನಲ್ಲಿ ಉಳೀತಾಳೆ, ಮೊಬೈಲಲ್ಲಿ ಆ ಹುಡುಗಿ ಫೋಟೋ ಇಟ್ಕೊಂಡು ಪೇಷಂಟ್‌ಗಳಿಗೆಲ್ಲ ತೋರಿಸ್ತಾ ಹೋಗ್ತಾಳೆ, ಕೊಲೆಗಾರನ್ನ ಹಿಡಿಯೋಕಿಂತ ಹೆಚ್ಚಾಗಿ ಅನಾಥ ಹೆಣ ಅಂತ ಮಣ್ಣು ಮಾಡ್ಬಾರ್ದು, ಒಂದು ಹೆಸರಾದ್ರೂ ಸಿಗ್ಲಿ ಅಂತ.

ನಂಗೆ ತುಂಬಾ ಹಿಡಿಸಿದ್ದು ನಾಡಿ ಸೀನು. ಒಬ್ಬ ಹುಡುಗನಿಗೆ ಫೋಟೋ ತೋರಿಸಿದಾಗ ಅವನು ಗೊತ್ತಿಲ್ಲ ಅಂತಾನೆ, ಆದ್ರೆ ನಾಡಿ ಜೋರಾಗುತ್ತೆ. ಪೊಲೀಸರಿಗೆ ಸಿಗದ ಸಾಕ್ಷಿ ಡಾಕ್ಟರ್ ಬೆರಳಿಗೆ ಸಿಗುತ್ತೆ, ವಾಹ್.

ಆದ್ರೆ ಸೆಕೆಂಡ್ ಹಾಫಲ್ಲಿ ಒಬ್ಬರಾದ್ಮೇಲೆ ಒಬ್ಬರು ಇವಳ ಹತ್ರ ಬಂದು ತಪ್ಪೊಪ್ಕೊಳ್ಳೋದು ಸ್ವಲ್ಪ ಅತಿ ಅನ್ನಿಸ್ತು, ನಿಜ್ವಾಗ್ಲೂ ಜನ ಅಷ್ಟು ಸುಲಭವಾಗಿ ಬಾಯಿ ಬಿಡ್ತಾರಾ? ಜೆನ್ನಿ ಪಾತ್ರ ಮಾಡಿರೋ ಅಡೆಲ್ ಎನೆಲ್ ಆಕ್ಟಿಂಗ್ ಇಲ್ದಿದ್ರೆ ನಾನಂತೂ ನಂಬ್ತಿರ್ಲಿಲ್ಲ.