ಆರ್‌ಸಿ ಟ್ರಕ್‌ಗೆ ಮೊದಲು ಯಾವ ಅಪ್‌ಗ್ರೇಡ್ ಹಾಕಿಸಲಿ?

ಆರ್‌ಸಿ ಅಂದರೆ ರೇಡಿಯೊ ರಿಮೋಟ್‌ನಿಂದ ಓಡಿಸುವ ಮಾದರಿ ಗಾಡಿ. ಅಸಲಿಯ ಹತ್ತನೇ ಒಂದರಷ್ಟು (1/10) ಅಳತೆಯ ಆಫ್‌ರೋಡ್ ಟ್ರಕ್ ಕೊಂಡು ಸ್ವಲ್ಪ ಕಾಲ ಓಡಿಸಿದವರೆಲ್ಲ ಕೇಳುವ ಪ್ರಶ್ನೆ ಇದು. ಪ್ರಶ್ನೆಯ ಬೆನ್ನಿಗೆ ದೂರುಗಳೂ ಇರುತ್ತವೆ: ಮೊದಲಿನ ವೇಗ ಇಲ್ಲ, ತಿರುವಿನಲ್ಲಿ ಪಲ್ಟಿ ಹೊಡೆಯುತ್ತದೆ, ಹಾರಿ ಇಳಿದರೆ ಚೆಂಡಿನ ಹಾಗೆ ಪುಟಿಯುತ್ತದೆ. ಹೆಚ್ಚು ಬಲದ ಬ್ರಶ್‌ಲೆಸ್ ಮೋಟಾರ್ ಹಾಕಲೇ, ಚಕ್ರ ಹಿಡಿದಿರುವ ಆರ್ಮ್‌ಗಳನ್ನು ಅಲ್ಯೂಮಿನಿಯಂನದಕ್ಕೆ ಬದಲಿಸಲೇ?

ಬೇರಿಂಗ್ ಒಂದನ್ನು ಬಿಟ್ಟರೆ ಸದ್ಯಕ್ಕೆ ಏನೂ ಬೇಡ. ಈ ದೂರುಗಳಲ್ಲಿ ಹೆಚ್ಚಿನವು ಇರುವ ಭಾಗಗಳು ಕೊಳೆ ತುಂಬಿ, ಸವೆದು, ಹೊಂದಾಣಿಕೆ ತಪ್ಪಿದ್ದರಿಂದ ಹುಟ್ಟಿದವು. ಸವೆದ ಗಾಡಿಗೆ ದೊಡ್ಡ ಮೋಟಾರ್ ಹಾಕಿದರೆ ಇನ್ನೂ ಬೇಗ ಸವೆಯುತ್ತದೆ, ಅಷ್ಟೇ.

ಮೊದಲು ಗಾಡಿ ಸಲೀಸಾಗಿ ಉರುಳುತ್ತದೆಯೇ ನೋಡಿ. ಬ್ಯಾಟರಿ ಕಳಚಿ, ಮೋಟಾರ್ ಸ್ಕ್ರೂಗಳನ್ನು ಸಡಿಲಿಸಿ, ಪಿನಿಯನ್ (ಮೋಟಾರ್ ಶಾಫ್ಟ್‌ನ ಚಿಕ್ಕ ಗೇರ್) ಅನ್ನು ಅದಕ್ಕೆ ಕೂಡುವ ದೊಡ್ಡ ಸ್ಪರ್ ಗೇರ್‌ನಿಂದ ದೂರ ಸರಿಸಿ. ಈಗ ಸ್ಪರ್ ಗೇರನ್ನು ಬೆರಳಿನಿಂದ ತಿರುಗಿಸಿದರೆ ಚಕ್ರಗಳು ಎಲ್ಲೂ ಹಿಡಿಯದೆ ತಿರುಗಬೇಕು. ಹಿಡಿದರೆ ಒಂದೊಂದೇ ಚಕ್ರ ಬಿಚ್ಚಿ ಆಕ್ಸಲ್ ನೋಡಿ. ಕೂದಲು, ನೂಲು, ಹುಲ್ಲಿನ ನಾರು ಬೇರಿಂಗ್ ಪಕ್ಕದಲ್ಲಿ ಬಿಗಿಯಾಗಿ ಸುತ್ತಿಕೊಂಡಿರುವುದು ತೀರಾ ಸಾಮಾನ್ಯ. ಅಗ್ಗದ ಗಾಡಿಗಳಲ್ಲಿ ಬಾಲ್ ಬೇರಿಂಗ್ ಬದಲು ಪ್ಲಾಸ್ಟಿಕ್ ಅಥವಾ ಕಂಚಿನ ಬುಶ್ ಇರುತ್ತದೆ. ಅವು ಸವೆದಾಗ ತೂತು ಅಂಡಾಕಾರವಾಗಿ ಚಕ್ರ ಅಲ್ಲಾಡುತ್ತದೆ, ಗೇರ್‌ಗಳ ನಡುವಿನ ಅಂತರವೂ ಕೆಡುತ್ತದೆ. ಇವನ್ನು ಬಾಲ್ ಬೇರಿಂಗ್‌ಗೆ ಬದಲಿಸುವುದೇ ನಾನು ಹೇಳುವ ಏಕೈಕ ಅಪ್‌ಗ್ರೇಡ್. 5×11×4 ಮತ್ತು 10×15×4 ಮಿ.ಮೀ. ಹೆಚ್ಚು ಬಳಕೆಯ ಅಳತೆಗಳಾದರೂ ಅಳೆದು ನೋಡಿಯೇ ಕೊಳ್ಳಿ. ಹಳೆಯ ಬೇರಿಂಗ್ ಬೆರಳ ತುದಿಯಲ್ಲಿ ತಿರುಗುವಾಗ ಮರಳು ಅರೆದಂತೆ ಅನ್ನಿಸಿದರೆ ತೊಳೆಯುವ ಶ್ರಮ ಬೇಡ, ಎಸೆಯಿರಿ.

ಇನ್ನು ಪಿನಿಯನ್ ಮತ್ತು ಸ್ಪರ್ ನಡುವಿನ ಅಂತರ. ಸ್ಪರ್ ಹಲ್ಲು ಉದುರಿದರೆ ಎಲ್ಲರೂ ಪ್ಲಾಸ್ಟಿಕ್ಕನ್ನು ಬೈಯುತ್ತಾರೆ, ತಪ್ಪು ಮಾತ್ರ ಸಾಮಾನ್ಯವಾಗಿ ಈ ಅಂತರದ್ದು. ಸಾಧಾರಣ ಬರೆಯುವ ಕಾಗದದ ಕಿರುಪಟ್ಟಿ ಹರಿದುಕೊಂಡು ಎರಡು ಗೇರ್‌ಗಳ ನಡುವೆ ಇಡಿ, ಪಿನಿಯನ್ ಅನ್ನು ಒತ್ತಿ ಹಿಡಿದು ಮೋಟಾರ್ ಸ್ಕ್ರೂ ಬಿಗಿ ಮಾಡಿ, ಗೇರ್ ತಿರುಗಿಸಿ ಕಾಗದ ಹೊರತೆಗೆಯಿರಿ. ಕಾಗದದಲ್ಲಿ ಹಲ್ಲಿನ ಗುರುತು ಮೂಡಿರಬೇಕು, ತೂತು ಬಿದ್ದಿರಬಾರದು. ಸ್ಪರ್ ಹಿಡಿದು ಪಿನಿಯನ್ ಅಲ್ಲಾಡಿಸಿದರೆ ಸಣ್ಣ ಟಿಕ್ ಸದ್ದಿನಷ್ಟು ಸಡಿಲ ಸಿಗಬೇಕು. ಇದನ್ನು ಒಂದೇ ಜಾಗದಲ್ಲಿ ನೋಡಿ ಬಿಡಬೇಡಿ. ಪ್ಲಾಸ್ಟಿಕ್ ಸ್ಪರ್ ಗೇರ್ ಸಾಮಾನ್ಯವಾಗಿ ಪಕ್ಕಾ ದುಂಡಗೆ ಇರುವುದಿಲ್ಲ. ನಾಲ್ಕೈದು ಕಡೆ ತಿರುಗಿಸಿ, ಅತಿ ಬಿಗಿಯಾದ ಜಾಗದಲ್ಲೂ ಆ ಚೂರು ಸಡಿಲ ಉಳಿಯುವಂತೆ ಕೂರಿಸಿ. ಅಂತರ ಹೆಚ್ಚಾದರೆ ಹಲ್ಲಿನ ತುದಿ ಮಾತ್ರ ತಾಗಿ ಉದುರುತ್ತದೆ. ಕಡಿಮೆಯಾದರೆ ಕೀರಲು ಸದ್ದು, ಬಿಸಿ ಮೋಟಾರ್, ಬೇಗ ಖಾಲಿಯಾಗುವ ಬ್ಯಾಟರಿ. ಪಿನಿಯನ್ ಅನ್ನು ಹಿಡಿದಿಡುವ ತಲೆಯಿಲ್ಲದ ಗ್ರಬ್ ಸ್ಕ್ರೂ ಶಾಫ್ಟ್‌ನ ಚಪ್ಪಟೆ ಭಾಗದ ಮೇಲೆಯೇ ಕೂತಿರಲಿ. ಹೊಸ ಪಿನಿಯನ್ ಕೊಳ್ಳುವಾಗ ಹಲ್ಲಿನ ಅಳತೆ ಹೊಂದಬೇಕು: 48 ಪಿಚ್ ಮತ್ತು 0.6 ಮಾಡ್ಯೂಲ್ ಕಣ್ಣಿಗೆ ಒಂದೇ ತರಹ ಕಂಡರೂ ಒಟ್ಟಿಗೆ ಕೂಡಿಸಿದರೆ ಸ್ಪರ್ ಉಳಿಯುವುದಿಲ್ಲ.

ಸ್ಲಿಪ್ಪರ್ ಕ್ಲಚ್ (ಜೋರು ಹೊಡೆತ ಬಿದ್ದಾಗ ಜಾರಿ ಗೇರ್ ಉಳಿಸುವ ಭಾಗ) ಇರುವ ಗಾಡಿಯಾದರೆ ಅದರ ನಟ್ಟನ್ನೂ ಈಗಲೇ ನೋಡಿಬಿಡಿ. ನಿಂತಲ್ಲಿಂದ ಪೂರ್ತಿ ಥ್ರಾಟಲ್ ಕೊಟ್ಟಾಗ ಮೊದಲ ಅರ್ಧ ಮೀಟರ್ ಓಡುವ ತನಕ ಕ್ಲಚ್ ಜಾರುವ ಸದ್ದು ಬಂದು ನಿಲ್ಲಬೇಕು. ಸದ್ದು ನಿಲ್ಲದೇ ಇದ್ದರೆ ಸ್ಪರ್ ಬಿಸಿಯಾಗಿ ಕರಗುತ್ತದೆ. ಸದ್ದೇ ಬಾರದಿದ್ದರೆ ಹಾರಿ ಇಳಿದಾಗಿನ ಹೊಡೆತ ನೇರವಾಗಿ ಡಿಫ್ (ಡಿಫರೆನ್ಷಿಯಲ್, ಎಡ ಬಲ ಚಕ್ರಗಳಿಗೆ ಬಲ ಹಂಚುವ ಭಾಗ) ಗೇರ್‌ಗಳಿಗೆ ಬೀಳುತ್ತದೆ.

ವೇಗ ಬೇಕೆನ್ನುವವರಿಗೆ ಒಂದು ಸಣ್ಣ ಲೆಕ್ಕ. ಸ್ಪರ್ 80 ಹಲ್ಲು, ಪಿನಿಯನ್ 18, ಟ್ರಾನ್ಸ್‌ಮಿಷನ್‌ನ ಒಳಗಿನ ಅನುಪಾತ 2.6 ಅಂದುಕೊಳ್ಳಿ. 80ನ್ನು 18ರಿಂದ ಭಾಗಿಸಿ 2.6ರಿಂದ ಗುಣಿಸಿದರೆ ಸುಮಾರು 11.6, ಅಂದರೆ ಚಕ್ರ ಒಂದು ಸುತ್ತು ಬರಲು ಮೋಟಾರ್ 11.6 ಸುತ್ತು ತಿರುಗಬೇಕು. ಪಿನಿಯನ್ 20 ಹಲ್ಲಿನದಾದರೆ ಇದು 10.4ಕ್ಕೆ ಇಳಿಯುತ್ತದೆ. ಗರಿಷ್ಠ ವೇಗ ಏರುತ್ತದೆ, ಎಳೆಯುವ ಬಲ ಕುಗ್ಗುತ್ತದೆ, ಮೋಟಾರ್ ಹೆಚ್ಚು ಕಾಯುತ್ತದೆ. ಒಂದು ಸಲಕ್ಕೆ ಒಂದೇ ಹಲ್ಲು ಏರಿಸಿ, ಐದು ನಿಮಿಷ ಓಡಿಸಿ, ಇನ್‌ಫ್ರಾರೆಡ್ ಥರ್ಮಾಮೀಟರ್‌ನಲ್ಲಿ ಅಳೆಯಿರಿ. ಮೋಟಾರ್ ಹೊರಮೈ 70 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದರೆ ಹಿಂದಕ್ಕೆ ಬನ್ನಿ. ಅತಿ ಕಾದರೆ ಒಳಗಿನ ಆಯಸ್ಕಾಂತ ಬಲ ಕಳೆದುಕೊಳ್ಳುತ್ತದೆ, ತಣ್ಣಗಾದ ಮೇಲೂ ಅದು ಪೂರ್ತಿ ಮರಳುವುದಿಲ್ಲ. ಹೆಚ್ಚು ವ್ಯಾಸದ ಟೈರ್ ಹಾಕುವುದೂ ದೊಡ್ಡ ಪಿನಿಯನ್ ಹಾಕಿದ ಹಾಗೆಯೇ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ.

ಪುಟಿಯುವ ದೂರಿಗೆ ಶಾಕ್ (ಹೊಡೆತ ನುಂಗುವ, ಎಣ್ಣೆ ತುಂಬಿದ ಕೊಳವೆ) ಬಿಚ್ಚಬೇಕು. ಹಳೆಯ ಎಣ್ಣೆ ಬೂದು ಬಣ್ಣಕ್ಕೆ ತಿರುಗಿ ಅರ್ಧದಷ್ಟು ಸೋರಿಹೋಗಿರುತ್ತದೆ. ಸ್ಪ್ರಿಂಗ್ ಕಳಚಿ, ಮುಚ್ಚಳ ತೆಗೆದು, ಒಳಗೆಲ್ಲ ಒರೆಸಿ. ರಾಡ್‌ನಲ್ಲಿ ಗೀರು ಬಿದ್ದಿದ್ದರೆ ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಓ ರಿಂಗ್ ಬದಲಿಸಿ ಪ್ರಯೋಜನವಿಲ್ಲ, ಗೀರು ಹೊಸದನ್ನೂ ಕೊಯ್ಯುತ್ತದೆ. ಪಿಸ್ಟನ್ ಕೆಳಗಿರಲಿ, ಸಿಲಿಕೋನ್ ಎಣ್ಣೆಯನ್ನು ಅಂಚಿನ ತನಕ ಸುರಿದು, ರಾಡನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸಿ. ಗುಳ್ಳೆಗಳು ಏಳುತ್ತವೆ. ಹತ್ತು ನಿಮಿಷ ನೆಟ್ಟಗೆ ನಿಲ್ಲಿಸಿಡಿ. ಈ ಹತ್ತು ನಿಮಿಷ ಉಳಿಸಲು ಹೋದವರ ಶಾಕ್ ಒಳಗೆ ಗಾಳಿ ಉಳಿದು ಪಿಚಕ್ ಪಿಚಕ್ ಎನ್ನುತ್ತದೆ. ಆಮೇಲೆ ರಬ್ಬರ್ ಡಯಾಫ್ರಾಮ್ ಕೂರಿಸಿ, ಉಕ್ಕಿದ ಎಣ್ಣೆ ಒರೆಸಿ, ಮುಚ್ಚಳ ಬಿಗಿ ಮಾಡಿ. ಎಡ ಬಲ ಎರಡನ್ನೂ ಒಟ್ಟಿಗೆ ಒತ್ತಿ ನೋಡಿ, ಒಂದೇ ವೇಗದಲ್ಲಿ ಮೇಲೇಳಬೇಕು.

ಯಾವ ಎಣ್ಣೆ? ತಯಾರಕರು ಹೇಳಿದ್ದರಿಂದ ಶುರು ಮಾಡಿ. ಬೇರೆ ಬೇರೆ ಕಂಪನಿಗಳ 'ವೆಯ್ಟ್' ಸಂಖ್ಯೆಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ, ಹೋಲಿಸುವುದಾದರೆ ಸಿಎಸ್‌ಟಿ (ಸೆಂಟಿಸ್ಟೋಕ್ಸ್, ಎಣ್ಣೆಯ ಮಂದತೆಯ ಅಳತೆ) ಅಂಕಿ ನೋಡಿ. ಬ್ಯಾಟರಿ ಒಳಗಿಟ್ಟು ಗಾಡಿಯನ್ನು 30 ಸೆಂ.ಮೀ. ಎತ್ತರದಿಂದ ಸಮತಟ್ಟಾಗಿ ಬಿಡಿ. ಹೊಟ್ಟೆ ನೆಲಕ್ಕೆ ಬಲವಾಗಿ ಬಡಿದರೆ ಎಣ್ಣೆ ಮಂದವಾಗಬೇಕು. ಸಣ್ಣ ಸಣ್ಣ ಉಬ್ಬುಗಳ ಮೇಲೆ ಓಡುವಾಗ ಚಕ್ರ ನೆಲ ಬಿಟ್ಟು ಕುಣಿಯುತ್ತಿದ್ದರೆ ತೆಳುವಾಗಬೇಕು. ಎಣ್ಣೆ ಬಿಸಿಗೆ ತೆಳುವಾಗುತ್ತದೆ, ಹಾಗಾಗಿ ಚಳಿಯಲ್ಲಿ ಹೊಂದಿಸಿದ್ದು ಬೇಸಿಗೆಯಲ್ಲಿ ಸಡಿಲ ಅನ್ನಿಸುವುದು ಸಹಜ.

ಸ್ಪ್ರಿಂಗ್ ಮೇಲಿನ ಕಾಲರ್ ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂಬುದು ಸುಳ್ಳು ನಂಬಿಕೆ. ಗಾಡಿಯ ಎತ್ತರವಷ್ಟೇ ಬದಲಾಗುತ್ತದೆ. ಗಾಡಿಯನ್ನು ಒತ್ತಿ ಬಿಟ್ಟಾಗ ಕೆಳಗಿನ ಆರ್ಮ್‌ಗಳು ನೆಲಕ್ಕೆ ಸಮಾನಾಂತರವಾಗಿ ನಿಂತರೆ ಅದು ಒಳ್ಳೆಯ ಆರಂಭ. ಪಲ್ಟಿ ಹೊಡೆಯುವ ಗಾಡಿಯನ್ನು ಅದಕ್ಕಿಂತ ಕೆಲವು ಮಿ.ಮೀ. ತಗ್ಗಿಸಿ, ಮುಂದಿನ ಸ್ಪ್ರಿಂಗ್ ಒಂದು ದರ್ಜೆ ಗಟ್ಟಿಯದು ಹಾಕಿ. ಗಟ್ಟಿ ನೆಲದಲ್ಲಿ ತೀರಾ ಮೆತ್ತನೆಯ ಟೈರ್ ಹಾಕಿದ್ದರೆ ಮೊದಲ ಆರೋಪಿ ಅದೇ. ಕ್ಯಾಂಬರ್ (ಚಕ್ರದ ಮೇಲ್ತುದಿ ವಾಲುವ ಕೋನ) ಒಳಕ್ಕೆ 1ರಿಂದ 2 ಡಿಗ್ರಿ ಇದ್ದರೆ ಸಾಕು. ಇದನ್ನು ಹೊಂದಿಸುವ ಕಡ್ಡಿಯಾದ ಟರ್ನ್‌ಬಕಲ್‌ನ ಒಂದು ತುದಿಯಲ್ಲಿ ಎಡ ಥ್ರೆಡ್ ಇರುವುದರಿಂದ ಕಳಚದೆಯೇ ತಿರುಗಿಸಿ ಹೊಂದಿಸಬಹುದು. ಎಲ್ಲ ಟರ್ನ್‌ಬಕಲ್‌ಗಳನ್ನೂ ಒಂದೇ ದಿಕ್ಕಿಗೆ ಜೋಡಿಸಿಕೊಂಡರೆ ತಲೆನೋವಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಬರೆದಿಟ್ಟುಕೊಳ್ಳಿ.

ನೇರವಾಗಿ ಓಡದಿದ್ದರೆ ರಿಮೋಟ್‌ನ ಟ್ರಿಮ್ (ನೇರ ಓಟ ಹೊಂದಿಸುವ ಗುಂಡಿ) ಸೊನ್ನೆಗೆ ತಂದು, ರೇಡಿಯೊ ಆನ್ ಮಾಡಿ, ಆಮೇಲೆ ಸರ್ವೋ (ಮುಂದಿನ ಚಕ್ರ ತಿರುಗಿಸುವ ಪುಟ್ಟ ಮೋಟಾರ್) ಮೇಲಿನ ಹಾರ್ನ್ ಎಂಬ ಕೈಯನ್ನು ಕೂರಿಸಿ. ಪೂರ್ತಿ ತಿರುಗಿಸಿದಾಗ ಸರ್ವೋ ಗುಂಯ್‌ಗುಟ್ಟಿದರೆ ರಿಮೋಟ್‌ನಲ್ಲಿ ಎಂಡ್ ಪಾಯಿಂಟ್ (ಸರ್ವೋ ತಿರುಗುವ ಮಿತಿ) ತಗ್ಗಿಸಿ.

ಸ್ಕ್ರೂ ವಿಷಯಕ್ಕೆ ಬಂದರೆ, ಒಳ್ಳೆಯ 1.5, 2 ಮತ್ತು 2.5 ಮಿ.ಮೀ. ಹೆಕ್ಸ್ ಡ್ರೈವರ್‌ಗಳು ಮೋಟಾರ್‌ಗಿಂತ ಮೊದಲು ಕೊಳ್ಳಬೇಕಾದ ವಸ್ತು. ಪ್ಲಾಸ್ಟಿಕ್‌ಗೆ ಸ್ಕ್ರೂ ಹಾಕುವಾಗ ಮೊದಲು ಹಿಮ್ಮುಖವಾಗಿ ತಿರುಗಿಸಿ, ಹಳೆಯ ಥ್ರೆಡ್‌ಗೆ ಟಕ್ ಎಂದು ಇಳಿದ ಮೇಲೆ ಬಿಗಿ ಮಾಡಿ. ನೀಲಿ ಥ್ರೆಡ್‌ಲಾಕ್ ಲೋಹಕ್ಕೆ ಲೋಹ ಸೇರುವಲ್ಲಿ ಮಾತ್ರ. ಪ್ಲಾಸ್ಟಿಕ್‌ಗೆ ತಾಗಿದರೆ ಬಿರುಕು ಬಿಡಬಹುದು.

ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿಯಾದರೆ ಮೋಟಾರ್ ವೇಗ ನಿಯಂತ್ರಿಸುವ ಇಎಸ್‌ಸಿಯಲ್ಲಿ ಲಿಪೊ ಕಟ್‌ಆಫ್ (ವೋಲ್ಟೇಜ್ ಇಳಿದಾಗ ನಿಲ್ಲಿಸುವ ವ್ಯವಸ್ಥೆ) ಆನ್ ಆಗಿದೆಯೇ ನೋಡಿ. ಸೆಲ್ 3 ವೋಲ್ಟ್‌ಗಿಂತ ಕೆಳಗಿಳಿದರೆ ಹಾಳು. 5000 ಎಂಎಎಚ್ ಪ್ಯಾಕ್‌ಗೆ 5 ಆಂಪಿಯರ್ ಚಾರ್ಜ್, ತೆಗೆದಿಡುವಾಗ ಸೆಲ್‌ಗೆ 3.8 ವೋಲ್ಟ್, ಉಬ್ಬಿದ್ದನ್ನು ಬಳಸುವಂತಿಲ್ಲ. ಗಾಡಿ ವಾಟರ್‌ಪ್ರೂಫ್ ಎಂದರೆ ಎಲೆಕ್ಟ್ರಾನಿಕ್ಸ್ ಮಾತ್ರ ಎಂದು ತಿಳಿಯಿರಿ. ಒದ್ದೆಯಲ್ಲಿ ಓಡಿಸಿದ ದಿನವೇ ಬೇರಿಂಗ್ ಒಣಗಿಸಿ ಎಣ್ಣೆ ಹನಿಸದಿದ್ದರೆ ತುಕ್ಕು ಹಿಡಿಯುತ್ತದೆ.

ಅಲ್ಯೂಮಿನಿಯಂ ಆರ್ಮ್‌ಗೆ ನನ್ನ ಒಪ್ಪಿಗೆ ಇಲ್ಲ. ಪ್ಲಾಸ್ಟಿಕ್ ಆರ್ಮ್ ಬಾಗಿ ಮೊದಲಿನಂತಾಗುತ್ತದೆ, ತೀರಾ ಜೋರಾಗಿ ಬಡಿದರೆ ಅದೊಂದೇ ಮುರಿಯುತ್ತದೆ. ಅಲ್ಯೂಮಿನಿಯಂ ಬಾಗಿದರೆ ಬಾಗಿಯೇ ಉಳಿಯುತ್ತದೆ, ಇಲ್ಲವೇ ಹೊಡೆತವನ್ನು ಅದು ಕೂತ ಬಲ್ಕ್‌ಹೆಡ್‌ಗೆ ದಾಟಿಸುತ್ತದೆ. ಬ್ರಶ್‌ಲೆಸ್ ಬೇಕೇ ಬೇಕೆಂದರೆ ಮೊದಲು ಡಿಫ್ ಬಿಚ್ಚಿ ಒಳಗಿನ ಗೇರ್ ಪ್ಲಾಸ್ಟಿಕ್‌ದೋ ಉಕ್ಕಿನದೋ ನೋಡಿ. ಪ್ಲಾಸ್ಟಿಕ್ ಆಗಿದ್ದರೆ ದುಡ್ಡು ಮೊದಲು ಅಲ್ಲಿಗೆ ಹೋಗಲಿ.